ಮೂರು ಗಂಟೆ ಸುಮ್ಮನಿದ್ದೆ

ರುದ್ರಪ್ಪನವರೇ, ನಿಮ್ಮ ತಾಯಿ ಸತ್ತದ್ದು ನೀವು ತಡಮಾಡಿದ್ದರಿಂದಲ್ಲ. ನಾನು ತಡಮಾಡಿದ್ದರಿಂದ. ಗೊತ್ತಿಲ್ಲದೆ ಅಲ್ಲ — ಬೇಕೆಂದೇ.

ಗೌರಿ ನಿಮಗೆ ಹೆಂಡತಿ. ನನಗೆ ಬೆನ್ನಿಗೆ ಬಿದ್ದ ತಂಗಿ. ವೀರನಹೊಸಹಳ್ಳಿಯ ನಿಮ್ಮ ಮನೆಯಲ್ಲಿ ಅವಳು ಎರಡು ದಿನ ಹೆರಿಗೆ ನೋವು ತಿಂದಳು. ನಾನು ಆಗಷ್ಟೇ ಮೈಸೂರಿನಲ್ಲಿ ನರ್ಸ್ ತರಬೇತಿ ಮುಗಿಸಿದ್ದೆ. ಮಗು ಅಡ್ಡವಾಗಿದೆ, ಗಾಡಿ ಕಟ್ಟಿಸಿ, ಹುಣಸೂರಿಗೆ ಒಯ್ಯೋಣ ಎಂದು ನಿಮ್ಮ ತಾಯಿ ಚೆನ್ನಾಜಮ್ಮನವರ ಕಾಲು ಹಿಡಿದೆ. ಅವರು ಬಾಗಿಲಿಗೆ ಅಡ್ಡ ನಿಂತರು.

"ವಸಿ ತಡ್ಕೊ. ನಮ್ಮನೇಲಿ ಯಾರೂ ಆಸ್ಪತ್ರೆಗೋಗಿ ಮಕ್ಳ ಎತ್ತಿಲ್ಲ. ಒತ್ತಾದ್ರೆ ಅದೇ ಸರಿಯಾಯ್ತದೆ."

ನೀವು ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದಿರಿ. ಒಂದು ಮಾತು — ಒಂದೇ ಒಂದು ಮಾತು ಆಡಿದ್ದರೆ... ಸಂಜೆಗೆ ಗೌರಿ, ಮಗು ಇಬ್ಬರೂ ಹೋದರು. ಅವಳ ಕೈಬಳೆ ತೆಗೆಯುವಾಗ ನಾನು ಅಳಲಿಲ್ಲ. ನಿಮ್ಮ ತಾಯಿಯ ಮುಖವನ್ನೇ ನೋಡುತ್ತಿದ್ದೆ.

ಆರು ವರ್ಷ ಕಳೆಯಿತು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯ ಆ ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದೆ. ಡಾಕ್ಟರು ಒಬ್ಬರೇ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದರೆ ಹೇಗೆ ಗುರುತಿಸಬೇಕೆಂದು ಅವರು ನನಗೆ ತಾಳ್ಮೆಯಿಂದ ಕಲಿಸಿದ್ದರು. ತೀರದ ದಾಹ, ವಾಂತಿ, ಒಣಗಿದ ನಾಲಿಗೆ, ಓಡಿ ಬಂದವರಂತೆ ಆಳವಾದ ಏದುಸಿರು, ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ. ಮೂತ್ರದ ಎಂಟು ಹನಿಯನ್ನು ನೀಲಿ ದ್ರಾವಣಕ್ಕೆ ಹಾಕಿ ಕಾಯಿಸು. ಅದು ಇಟ್ಟಿಗೆಯಂತೆ ಕೆಂಪಾದರೆ ಸಕ್ಕರೆ ವಿಪರೀತ; ನಾನಿಲ್ಲದಿದ್ದರೂ ಕಾಯಬೇಡ, ಇನ್ಸುಲಿನ್ ಚುಚ್ಚು, ಸಲೈನ್ ಹಾಕು ಎಂದಿದ್ದರು. ಇನ್ಸುಲಿನ್ ಶೀಶೆ ಒದ್ದೆ ಮರಳು ತುಂಬಿದ ಮಡಕೆಯಲ್ಲಿ ತಣ್ಣಗಿರುತ್ತಿತ್ತು. ಅಳತೆ ನನಗೆ ಬಾಯಿಪಾಠ.

ಆ ದಿನ ಡಾಕ್ಟರು ಕೆ.ಆರ್. ನಗರಕ್ಕೆ ಹೋಗಿದ್ದರು. ಬೆಳಿಗ್ಗೆ ಹತ್ತರ ಹೊತ್ತಿಗೆ ನಿಮ್ಮ ಗಾಡಿ ಬಂತು.

"ಅಕ್ಕಾ, ಎರಡು ದಿನದಿಂದ ಅವ್ವ ಬರೀ ನೀರು ನೀರು ಅಂತಾಳೆ. ಕುಡಿದದ್ದೆಲ್ಲ ಕಕ್ಕೊತಾಳೆ. ರಾಗಿ ಕುಯ್ಲು ಅಂತ ನಾನೇ ತಡ ಮಾಡ್ಬುಟ್ಟೆ."

ನಾನು ಬಗ್ಗಿದೆ. ಅದೇ ವಾಸನೆ. ಅದೇ ಉಸಿರು. ಪಾದದಲ್ಲಿ ಕೀವುಗಟ್ಟಿದ ಹುಣ್ಣು. ಮೂತ್ರ ಹಿಡಿದು ಒಳಗೆ ಒಯ್ದು ಗಾಜಿನ ಕೊಳವೆಯಲ್ಲಿ ಕಾಯಿಸಿದೆ. ನೀಲಿ ಹಸಿರಾಯಿತು, ಹಳದಿಯಾಯಿತು — ಆಮೇಲೆ ಇಟ್ಟಿಗೆಯ ಕೆಂಪು. ಮಡಕೆಯ ಕಡೆ ಕೈ ಹೋಯಿತು. ಹೋದದ್ದು ನಿಜ. ಆಗ ಕಿಟಕಿಯಿಂದ ನಿಮ್ಮನ್ನು ಕಂಡೆ: ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಿರಿ. ಗೌರಿಯ ತಲೆ ಸವರಿದವರಲ್ಲ ನೀವು.

ಕೊಳವೆಯಲ್ಲಿದ್ದದ್ದನ್ನು ಬಚ್ಚಲಿಗೆ ಸುರಿದು ತೊಳೆದೆ. ಹೊಟ್ಟೆನೋವಿನ ಮಿಕ್ಸ್ಚರ್ ಒಂದು ಲೋಟ ಕೊಟ್ಟೆ. ಏನಾದರೂ ಮಾಡಿ ಅಕ್ಕಾ ಎಂದು ನೀವು ಕೈಮುಗಿದಾಗ ಹೇಳಿದೆ:

"ಸ್ವಲ್ಪ ತಡ್ಕೊಳ್ಳಿ. ಹೊತ್ತಾದ್ರೆ ಅದೇ ಸರಿಹೋಗ್ತದೆ."

ನಿಮಗೆ ಆ ಮಾತು ನೆನಪಾಗಲಿಲ್ಲ. ಚೆನ್ನಾಜಮ್ಮನವರಿಗೆ ಆಯಿತೇನೋ — ಅರೆ ಮುಚ್ಚಿದ ಕಣ್ಣು ತೆರೆದು ನನ್ನನ್ನು ದಿಟ್ಟಿಸಿದರು. ನಾನು ದೃಷ್ಟಿ ಕದಲಿಸಲಿಲ್ಲ. ಸುಳ್ಳೇಕೆ, ಆ ಗಳಿಗೆಯಲ್ಲಿ ನನಗೆ ಹಿತವಾಗಿತ್ತು. ಡಾಕ್ಟರು ಬರುವ ಮಧ್ಯಾಹ್ನ ಒಂದರ ಬಸ್ಸಿನವರೆಗೆ ಬ್ಯಾಂಡೇಜು ಸುತ್ತುತ್ತ ಕೂತಿದ್ದೆ. ಮೂರು ಗಂಟೆ.

ಬಾಗಿಲಲ್ಲೇ ಡಾಕ್ಟರಿಗೆ ವಾಸನೆ ಬಡಿಯಿತು. ಮೂತ್ರ ನೋಡಿದೆಯಾ ಎಂದು ಕೇಳಿದರು. ಈಗ ತಾನೇ ಬಂದರು ಸಾರ್, ಎಂದೆ. ನೀವು ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದಿರಿ, ಕೇಳಿಸಲಿಲ್ಲ. ಅವರು ಚುಚ್ಚಿದರು, ಸಲೈನ್ ಹಾಕಿದರು, ಪಕ್ಕದಿಂದ ಏಳಲಿಲ್ಲ. ಅವರು ಕೇಳಿದ್ದನ್ನೆಲ್ಲ ಕೇಳಿದ ಕೂಡಲೇ ನೀಡಿದೆ. ಹೊತ್ತು ಮುಳುಗುವ ಮುಂಚೆ ಆ ಉಸಿರು ನಿಂತಿತು.

ತಡವಾಗಿ ಕರೆತಂದಿರಿ, ಎಂದರು ಡಾಕ್ಟರು. ನೀವು ಹಣೆ ಚಚ್ಚಿಕೊಂಡಿರಿ. ನಾನು ಬಾಯಿ ಬಿಡಲಿಲ್ಲ.

ಅಲ್ಲಿಗೇ ಮುಗಿದಿದ್ದರೆ — ಇಲ್ಲ, ಮುಗಿಸಲು ನನಗೇ ಮನಸ್ಸಿರಲಿಲ್ಲ. ವರ್ಷವರ್ಷ ನಿಮ್ಮ ತಾಯಿಯ ತಿಥಿಗೆ ಬಂದೆ. ರಾಗಿ ಕುಯ್ಲಿಗಾಗಿ ಹೆತ್ತವ್ವನನ್ನು ಕೊಂದೆ ಎಂದು ನೀವು ನೆಂಟರ ಮುಂದೆ ಗೋಳಾಡುವುದನ್ನು ನೋಡಲೆಂದೇ ಬಂದೆ. ನೀವು ಬಡಿಸಿದ್ದನ್ನು ಹೊಟ್ಟೆತುಂಬ ಉಂಡೆ.

ನಿಮ್ಮ ಎರಡು ದಿನದ ತಡ ನಿಜವೇ. ಆದರೆ ಹತ್ತು ಗಂಟೆಗೆ ಅವರು ಮಾತಾಡುತ್ತಿದ್ದರು, ನೀರು ಕೇಳುತ್ತಿದ್ದರು. ಆಗಲೇ ಚುಚ್ಚಿದ್ದರೆ ಬದುಕುತ್ತಿದ್ದರೆಂದೇ ನಾನು ನಂಬಿದ್ದೇನೆ. ಗೌರಿಯ ಹೆಸರನ್ನು ಇದಕ್ಕೆ ನೆಪವಾಗಿ ಮುಂದಿಡುವುದಿಲ್ಲ. ಇದನ್ನು ಮಾಡೆಂದು ಅವಳು ನನ್ನನ್ನು ಕೇಳಿರಲಿಲ್ಲ. ಚೆನ್ನಾಜಮ್ಮನವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನನ್ನ ಮುಂದೆ ಮಲಗಿದ್ದದ್ದು ಒಬ್ಬ ರೋಗಿ.

ಡಾಕ್ಟರು ಈಗಿಲ್ಲ. ಅವರಿಗೆ ಹೇಳುವ ಅವಕಾಶ ಕಳೆದುಕೊಂಡೆ. ಬರುವ ಸೋಮವಾರ ನಿಮ್ಮ ಮನೆಗೆ ಬರುತ್ತೇನೆ. ಈ ಸಲ ಊಟಕ್ಕಲ್ಲ. ನಿಮ್ಮ ಗೋಳು ಕೇಳಿದ ನೆಂಟರನ್ನೆಲ್ಲ ಕರೆಸಿ. ಇದಿಷ್ಟನ್ನೂ ಅವರೆದುರು ನಿಂತು, ನನ್ನ ಬಾಯಿಂದಲೇ ಹೇಳುತ್ತೇನೆ.