ಕಂಜಿರ ಸುಮ್ಮನಿದ್ದ ಕ್ರಿಸ್‌ಮಸ್

ಬಾಬುರಾಯನಕೊಪ್ಪಲಿನ ಶೀಟು ಹೊದಿಸಿದ ಪ್ರಾರ್ಥನಾ ಮಂದಿರದಲ್ಲಿ ಕೀಬೋರ್ಡು ನುಡಿಸುವ ಸುಧಳಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ, ಪಾಪ. ಒಂದೇ ಒಂದು ಹಾಡು ಮೆತ್ತಗೆ ಶುರುವಾಗಬೇಕು, ಅಷ್ಟೆ. ಮೊದಲ ಚರಣಕ್ಕೆ ಕೀಬೋರ್ಡು ಮಾತ್ರ, ಆಮೇಲೆ ಗಿಟಾರು, ಆಮೇಲೆ ಸಿದ್ದೇಶನ ಡ್ರಮ್ಮು, ಕೊನೆಯ ಪಲ್ಲವಿಗೆ ಎಲ್ಲ ಸೇರಿ ಸೂರು ಹಾರಿಹೋಗಬೇಕು. ಯೂಟ್ಯೂಬು ನೋಡಿ ಕಲಿತ ವಿದ್ಯೆ. ಅಡ್ಡಿ ಅಂದರೆ ಅತ್ತೆ ಗೌರಮ್ಮ. ಆಕೆ ಕಂಜಿರ ಹಿಡಿದರೆ ಮೊದಲ ಅಕ್ಷರದಿಂದ ಆಮೆನ್‌ವರೆಗೆ ಒಂದೇ ಬಡಿತ. ಶಿಲುಬೆಯ ಹಾಡಿಗೂ ಅದೇ, ಮದುವೆಯ ಹಾಡಿಗೂ ಅದೇ.

"ದೇವ್ರತ್ರ ಯಾಕವ್ವಾ ಪಿಸುಮಾತು?" ಎನ್ನುತ್ತಿದ್ದಳು.

ಈ ಕ್ರಿಸ್‌ಮಸ್‌ಗೆ ಸುಧ ಗಟ್ಟಿ ಮನಸ್ಸು ಮಾಡಿದಳು. ಕೊನೆಯ ಪಲ್ಲವಿಗೆ ತಾನು ತಲೆಯಾಡಿಸುವವರೆಗೆ ಕಂಜಿರ ಮುಟ್ಟಕೂಡದು ಎಂದಳು. ಗೌರಮ್ಮ ಮುಖ ಊದಿಸಿಕೊಂಡೇ ಒಪ್ಪಿದಳು.

ಹಾಡು ಮೆತ್ತಗೇ ಶುರುವಾಯಿತು. ಎಷ್ಟು ಮೆತ್ತಗೆಂದರೆ, ಹಿಂದೆ ಕೂತಿದ್ದ ಚಿಕ್ಕಮಾದಯ್ಯ ಎದ್ದು ಹೋಗಿ ಸ್ಪೀಕರಿನ ವೈರು ಅಲ್ಲಾಡಿಸಿ ಬಂದ. ಸಭೆಯವರಿಗೋ, ಕಂಜಿರ ಬಡಿದರೇ ಹಾಡು ಶುರುವಾದ ಲೆಕ್ಕ. ಗಿಟಾರು ಬಂತು, ಡ್ರಮ್ಮು ಬಂತು, ಜನ ಬಾಯಿ ಮುಚ್ಚಿಕೊಂಡು ಕಾಯುತ್ತಲೇ ಇದ್ದರು. ಕೊನೆಯ ಪಲ್ಲವಿಗೆ ಸುಧ ತಲೆಯಾಡಿಸಿದಳು. ಮತ್ತೆ ಆಡಿಸಿದಳು. ಗೌರಮ್ಮ ಕಂಜಿರ ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂತೇ ಇದ್ದಳು. ಮುದುಕಿ ಹಗೆ ತೀರಿಸಿಕೊಂಡಳು ಎಂದು ಸುಧಳಿಗೆ ಮೈಯೆಲ್ಲ ಉರಿಯಿತು.

ಆರಾಧನೆ ಮುಗಿದ ಮೇಲೆ ಪಾಸ್ಟರು ನಯವಾಗಿಯೇ ಹೇಳಿದರು. "ನಿಮ್ಮತ್ತೆ ಬಡೀದಿದ್ರೆ ಯಾರೂ ಬಾಯ್ಬುಡಕಿಲ್ಲ ಕಣಮ್ಮ. ಹೊಸ ವರ್ಸಕ್ಕೆ ಮೊದ್ಲಿಂದ್ಲೇ ಬಡಿಯಕ್ಕೇಳು."

ಆ ಮಾತು ನುಂಗಿಕೊಂಡು ಮನೆಗೆ ಬಂದ ಸುಧ, ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಮುಂದೆ ಕೂತಳು. "ಹೊಸ ವರ್ಸಕ್ಕೆ ನೀವೇ ಮೊದ್ಲಿಂದ ಬಡೀರತ್ತೆ."

"ನಾ ಬಡಿಯಕಿಲ್ಲ."

"ಇನ್ನೂ ಕ್ವಾಪವಾ?"

"ಕ್ವಾಪ ಯಾತಕ್ಕೆ?" ಗೌರಮ್ಮ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಇಷ್ಟ್ ವರ್ಸ ಆ ಪದಾನ ಬಡಿದೂ ಬಡಿದೂ ಮುಗಿಸ್ಬುಡ್ತಿದ್ದೆ. ಅದ್ರಲ್ಲಿ ಆ ತಾಯಿ ಕೂಸು ಮಲಗ್ಸಕ್ಕೆ ಜಾಗ ಇಲ್ದೆ ಅಳ್ತಾಳೆ ಅಂತ ಇವತ್ತೇ ಗೊತ್ತಾಗಿದ್ದು. ನೀ ತಲೆ ಆಡ್ಸಿದ್ದೂ ಕಾಣ್ನಿಲ್ಲ ಕಣವ್ವ. ಬೇಕಾದ್ರೆ ನೀನೇ ಬಡ್ಕೊ."

ಅತ್ತೆ ಕೆಳಗಿಟ್ಟ ಕಾಯಿಯನ್ನು ಸುಧ ಎತ್ತಿಕೊಂಡು ಸುಲಿಯತೊಡಗಿದಳು. ಇಡೀ ಸಭೆಯಲ್ಲಿ ತನ್ನ ಹಾಡು ಕೇಳಿದವಳು ಈಕೆಯೊಬ್ಬಳೇ.

ಪಾಸ್ಟರ ಮಾತು ಮೀರುವುದುಂಟೆ? ಹೊಸ ವರ್ಷದ ದಿನ ಸುಧ ಕೀಬೋರ್ಡು ಮುಚ್ಚಿಟ್ಟು ತಾನೇ ಕಂಜಿರ ಹಿಡಿದಳು. ಮೊದಲ ಬಡಿತಕ್ಕೇ ಸಭೆ ಗಂಟಲು ಕಿತ್ತುಹೋಗುವ ಹಾಗೆ ಹಾಡಿತು. ಎರಡನೇ ಸಾಲಿಗೆ ಗೌರಮ್ಮ ಎದ್ದು ಬಂದು ಸೊಸೆಯ ಕಿವಿಯ ಹತ್ತಿರ ಬಾಗಿದಳು.

"ವಸಿ ಮೆತ್ಗೆ ಬಡಿ ತಾಯಿ. ಪದದ ಮಾತೇ ಕೇಳ್ತಿಲ್ಲ."