ರತ್ನಮ್ಮನ ನಾಲ್ಕು ಹೆಜ್ಜೆ

ನನ್ನ ಪಿಎಚ್‌ಡಿಯ ಅಳತೆ ಕೆಲಸ ನಡೆದಿದ್ದು ಬ್ಯಾಡರಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ. ಹೊಲಿಯುವವರ ಯಾವ ಓಡಾಟದಿಂದ ಸಮಯ ದಂಡವಾಗುತ್ತೆ ಅಂತ ಸ್ಟಾಪ್‌ವಾಚ್ ಹಿಡಿದು ನೋಡುತ್ತಿದ್ದೆ. ಕಾಲರ್ ಹೊಲಿಯುವ ರತ್ನಮ್ಮ ಪ್ರತಿ ಬಂಡಲ್ ಮುಗಿದಾಗಲೂ ಎದ್ದು, ನಾಲ್ಕು ಹೆಜ್ಜೆ ನಡೆದು, ಮುಂದಿನದನ್ನು ತರುತ್ತಿದ್ದರು. ನಾನು ಬಂಡಲ್‌ಗಳ ಬುಟ್ಟಿಯನ್ನು ಅವರ ಎಡಗೈ ಪಕ್ಕಕ್ಕೇ ತಂದಿಟ್ಟೆ.

"ಇನ್ಮೇಲೆ ಏಳೋದೇ ಬೇಡ ರತ್ನಮ್ಮ" ಅಂದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಬೆಳಗ್ಗೆ ಹೆಚ್ಚು ಕಾಲರ್ ಬಂದವು. ಊಟವಾದ ಮೇಲೆ ಸೊಟ್ಟ ಹೊಲಿಗೆ ಬಿದ್ದು ವಾಪಸ್ ಬರತೊಡಗಿದವು. ಮೂರು ದಿನವೂ ಅದೇ ಕಥೆ. ಸೂಪರ್‌ವೈಸರ್ ಎಲ್ಲರೆದುರು ಅವರನ್ನು ಬೈದರು. ನಾನು ಹತ್ತಿರ ಹೋಗಿ ಏನಾಯ್ತು ಅಂತ ಕೇಳಿದೆ.

"ಆ ನಾಲ್ಕು ಹೆಜ್ಜೇಲೇ ನನ್ನ ಸೊಂಟ ನೆಟ್ಟಗಾಗ್ತಿತ್ತು ಮೇಡಂ. ನೀವು ಓದಿದೋರು, ಗೊತ್ತಿರುತ್ತೆ ಅಂದ್ಕೊಂಡೆ."

ತಪ್ಪು ನಂದು ಅಂತ ಸೂಪರ್‌ವೈಸರ್‌ಗೆ ಹೇಳಿ, ಬುಟ್ಟಿಯನ್ನು ನಾನೇ ಹಳೇ ಜಾಗಕ್ಕೆ ಹೊತ್ತೊಯ್ದಿಟ್ಟೆ. ಮಾರನೇ ದಿನದಿಂದ ಹೊಲಿಗೆ ಸರಿಹೋಯಿತು.

ಆ ನಾಲ್ಕು ಹೆಜ್ಜೆಯೂ ಕೆಲಸವೇ ಅಂತ ಥೀಸಿಸ್‌ನಲ್ಲಿ ಒಂದು ಅಧ್ಯಾಯ ಬರೆದೆ. ನನ್ನ ಗೈಡ್ ಮೊದಲು ಒಪ್ಪಲಿಲ್ಲ. "ನಡೆದಾಡೋದು ಕೆಲಸ ಹೇಗಾಗುತ್ತಮ್ಮ?" ಅಂದರು. ವಾಪಸ್ ಬಂದ ಕಾಲರ್‌ಗಳ ಪಟ್ಟಿಯನ್ನು ಅವರ ಮುಂದಿಟ್ಟು, ಈ ಅಧ್ಯಾಯ ಬಿಡಲ್ಲ ಸಾರ್ ಅಂದೆ. ಅಧ್ಯಾಯ ಉಳಿಯಿತು.

ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಹಾಕಲಾ ಅಂತ ರತ್ನಮ್ಮನನ್ನು ಕೇಳಿದೆ.

"ಹಾಕಿ ಮೇಡಂ. ಆದ್ರೆ ಸೂಪರ್‌ವೈಸರ್ ಓದ್ಬಿಟ್ರೆ?"

"ಧೈರ್ಯವಾಗಿರಿ. ಥೀಸಿಸ್ ಯಾರೂ ಓದಲ್ಲ."