ಸೈರನ್ ಕೂಗುವ ಹೊತ್ತು

ನನಗೆ ಸುಮ್ಮನಿರಲು ಬರುವುದಿಲ್ಲ. ಒಲೆಯ ಮೇಲಿಟ್ಟ ಹಾಲಿಗೂ ‘ಉಕ್ಕು’ ಎಂದು ಹೇಳಿಕೊಡುವ ಸ್ವಭಾವ. ಹೀಗಿರುವಾಗ ಮಗಳು ಇಳಾ ಎರಡೂವರೆ ವರ್ಷವಾದರೂ ಒಂದು ಮಾತೂ ಆಡದಿದ್ದರೆ ನಾನು ಎಷ್ಟು ಒದ್ದಾಡಿರಬೇಕು, ನೀವೇ ಊಹಿಸಿ. ಅದು ತೊಂಬತ್ತರ ದಶಕ. ವಿಮಾನಪುರದ ಕ್ವಾರ್ಟರ್ಸಿನಲ್ಲಿದ್ದೆವು, ನಾನು ವಿಮಾನ ಕಾರ್ಖಾನೆಯಲ್ಲಿ ಗುಮಾಸ್ತ. “ಅಪ್ಪ ಅನ್ನು ಪುಟ್ಟಿ, ಅಪ್ಪ” ಎಂದು ದಿನವೂ ಪಾಠ. ಅವಳು ನನ್ನ ಹಲ್ಲುಗಳನ್ನು ಎಣಿಸುವಂತೆ ನೋಡಿ, ಕಿಟಕಿಯಾಚೆಯ ಮೋಡದತ್ತ ತಿರುಗುತ್ತಿದ್ದಳು.

ಹೆಂಡತಿ ಶೈಲಾ ಹಲಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. ನನ್ನ ಅವಸರ ನೋಡಲಾರದೆ ಒಂದು ದಿನ ಮಿದುಳಿನ ಕಥೆ ತೆಗೆದಳು. ಗರ್ಭದಲ್ಲಿ ಮಗುವಿನ ಮಿದುಳಿನ ಹೊರಪದರ ರೂಪುಗೊಳ್ಳುವಾಗ ಜೀವಕೋಶಗಳು ಒಂದಕ್ಕೊಂದು ಪ್ರೋಟೀನುಗಳ ಮೂಲಕ ಸುದ್ದಿ ಕಳಿಸುತ್ತವಂತೆ. ಮೊದಮೊದಲು ಸುದ್ದಿ ತಲುಪಿದ ಕೋಶ ಒಡೆದು ಎರಡಾಗುತ್ತದೆ. ಮುಂದೆ ಅದೇ ಪ್ರೋಟೀನು ಬಂದಾಗ ಒಡೆಯುವುದನ್ನು ಬಿಟ್ಟು, ನರಕೋಶವಾಗಿ ತನ್ನ ಜಾಗ ಹುಡುಕಿ ಹೊರಡುತ್ತದೆ.

“ಅದೇ ಪ್ರೋಟೀನಾ?” ಎಂದೆ.

“ಹೂಂ ರೀ. ನಿಮ್ಮ ಫ್ಯಾಕ್ಟರಿ ಸೈರನ್ ಇಲ್ವಾ? ಬೆಳಿಗ್ಗೆ ಕೂಗಿದ್ರೆ ಒಳಗೆ ಓಡ್ತೀರ, ಸಂಜೆ ಕೂಗಿದ್ರೆ ಹೊರಗೆ ಓಡ್ತೀರ. ಕೂಗು ಒಂದೇ. ಕೇಳೋರಿಗೆ ಹೊತ್ತು ಬಂದಿರ್ಬೇಕು ಅಷ್ಟೆ.”

ಅಂದಿನಿಂದ ಸಂಜೆಯ ಸೈರನ್ ಕೇಳಿದರೆ ಸಾಕು, ಕನಸಿಗೆ ಜಾರುತ್ತಿದ್ದೆ. ಗೇಟಿನಿಂದ ಹೊರಬೀಳುವ ನೂರಾರು ಸೈಕಲ್ಲುಗಳೆಲ್ಲ ಆಗತಾನೇ ಹುಟ್ಟಿದ ನರಕೋಶಗಳು. ಮುರುಗೇಶಪಾಳ್ಯಕ್ಕೆ ಕೆಲವು, ದೊಮ್ಮಲೂರಿಗೆ ಕೆಲವು. ನಡುವೆ ಊಟದ ಡಬ್ಬಿ ಸಿಕ್ಕಿಸಿಕೊಂಡ ನಾನೂ ಒಂದು. ಮನೆ ತಲುಪುವಾಗ ಇಳಾ ಗೇಟಿನಲ್ಲಿ ನಿಂತಿರುತ್ತಿದ್ದಳು, ಸೈಕಲ್ಲುಗಳ ಮೆರವಣಿಗೆ ನೋಡಲೆಂದು ನಾನು ತಿಳಿದಿದ್ದೆ. ಅವಳನ್ನು ಕಂಡೊಡನೆ ಕನಸು ಇಳಿದು ಹೆದರಿಕೆ ಏರುತ್ತಿತ್ತು. ನನ್ನ ಮಗುವಿನೊಳಗೆ ಆ ಸುದ್ದಿ ಸರಿಯಾದ ಹೊತ್ತಿಗೆ ತಲುಪಿತ್ತೋ ಇಲ್ಲವೋ?

ಕೊನೆಗೆ ಡಾಕ್ಟರಿಗೆ ತೋರಿಸಲೆಂದು ರಜೆ ಹಾಕಿದೆ. ಸಂಜೆ ಹೊರಡುವ ಮುಂಚೆ ಅವಳ ಕಾಲುಚೀಲ ಹುಡುಕುತ್ತಿದ್ದೆ. ಸೈರನ್ ಕೂಗಿತು. ಆಡುತ್ತಿದ್ದ ಇಳಾ ಎದ್ದು ಗೇಟಿಗೆ ಓಡಿ, ಕಂಬಿಗಳ ನಡುವೆ ಮುಖವಿಟ್ಟು ನಿಂತಳು. ನಾನು ಮನೆಯಲ್ಲಿರುವುದೇ ಅವಳಿಗೆ ಮರೆತುಹೋಗಿತ್ತು. ಒಂದೊಂದೇ ಸೈಕಲ್ಲು ದಾಟಿತು. ರಸ್ತೆ ಖಾಲಿಯಾಗುತ್ತ ಬಂತು. ನನ್ನ ಸೈಕಲ್ಲು ಬರಲಿಲ್ಲ.

“ಅಪ್ಪಾ...” ಎಂದು ಕೂಗಿದಳು, ರಸ್ತೆಯ ಕಡೆಗೆ.

ನಾನು ಅವಳ ಬೆನ್ನ ಹಿಂದೆಯೇ ಇದ್ದೆ, ಕೈಯಲ್ಲಿ ಒಂದು ಪುಟ್ಟ ಕಾಲುಚೀಲ. ಓಗೊಡಬೇಕಿತ್ತು. ಅಷ್ಟು ದಿನ ಪಾಠ ಹೇಳಿದ ಬಾಯಿಂದ ಒಂದು ಮಾತೂ ಹೊರಡಲಿಲ್ಲ.